ಒಂದೇ ಗೃಹ, ಎರಡು ವಿಳಾಸ: ವಾಷಿಂಗ್ಟನ್ನಿನ ಮಾಜಿ ಸೈನಿಕರ ಮತ ಮತ್ತು ಸ್ವಯಮಾಡಳಿತ

ಪ್ರಕರಣ

ಅಮೆರಿಕದ ಮಾಜಿ ಸೈನಿಕರಿಗಾಗಿ ಅಲ್ಲಿನ ಕೇಂದ್ರ ಸರ್ಕಾರ ನಡೆಸುವ ಸಶಸ್ತ್ರ ಪಡೆಗಳ ನಿವೃತ್ತಿ ಗೃಹಕ್ಕೆ ಎರಡು ಆವರಣಗಳಿವೆ. ಒಂದು ಮಿಸಿಸಿಪ್ಪಿ ರಾಜ್ಯದ ಕಡಲತೀರದ ಗಲ್ಫ್‌ಪೋರ್ಟ್ ಪಟ್ಟಣದಲ್ಲಿದೆ. ಇನ್ನೊಂದು ರಾಜಧಾನಿ ವಾಷಿಂಗ್ಟನ್ನಿನ ವಾಯವ್ಯ ಭಾಗದ ಎತ್ತರದ ನೆಲದಲ್ಲಿದೆ. ಎರಡಕ್ಕೂ ಆಡಳಿತ ಒಂದೇ, ಪ್ರವೇಶದ ನಿಯಮ ಒಂದೇ, ಖರ್ಚು ನಿಭಾಯಿಸುವ ನಿಧಿಯೂ ಒಂದೇ. ಗಲ್ಫ್‌ಪೋರ್ಟ್ ಆವರಣದಲ್ಲಿ ಕಾಯಂ ಆಗಿ ನೆಲೆಸಿದ ಮಾಜಿ ಸೈನಿಕ ಇಬ್ಬರು ಸೆನೆಟರುಗಳನ್ನೂ ಪ್ರತಿನಿಧಿ ಸಭೆಗೆ ಒಬ್ಬ ಸದಸ್ಯನನ್ನೂ ಆರಿಸಬಲ್ಲ. ಅದೇ ಮನುಷ್ಯ ವಾಷಿಂಗ್ಟನ್ ಆವರಣಕ್ಕೆ ಬಂದು, ಅದನ್ನೇ ತನ್ನ ಕಾಯಂ ವಾಸಸ್ಥಳವೆಂದು ಬರೆಸಿದ ದಿನದಿಂದ ಅವನಿಗೆ ಸೆನೆಟರು ಇಲ್ಲ, ಪ್ರತಿನಿಧಿ ಸಭೆಯಲ್ಲಿ ಮತ ಹಾಕಬಲ್ಲ ಸದಸ್ಯನೂ ಇಲ್ಲ. ಅಲ್ಲಿ ಅವನ ಪಾಲಿಗೆ ಉಳಿಯುವುದು ಸಮಿತಿಗಳಲ್ಲಿ ಮತ ಹಾಕಬಹುದಾದ, ಆದರೆ ಮಸೂದೆಗಳ ಅಂತಿಮ ಅಂಗೀಕಾರದಲ್ಲಿ ಮತವಿಲ್ಲದ ಒಬ್ಬ ಡೆಲಿಗೇಟ್.

ಇದು ಊಹೆಯ ಉದಾಹರಣೆಯಲ್ಲ. 2005ರ ಆಗಸ್ಟ್ ಕೊನೆಯಲ್ಲಿ ಕತ್ರಿನಾ ಚಂಡಮಾರುತ ಗಲ್ಫ್‌ಪೋರ್ಟ್ ಆವರಣವನ್ನು ಹಾಳುಗೆಡವಿದಾಗ ಅಲ್ಲಿದ್ದ ನೂರಾರು ವೃದ್ಧ ಸೈನಿಕರನ್ನು ವಾಷಿಂಗ್ಟನ್ನಿಗೆ ಸಾಗಿಸಲಾಯಿತು. ಗಲ್ಫ್‌ಪೋರ್ಟ್‌ನ ಹೊಸ ಕಟ್ಟಡದ ಬಾಗಿಲು ತೆರೆದದ್ದು 2010ರಲ್ಲಿ. ನಡುವಿನ ಐದು ವರ್ಷಗಳಲ್ಲಿ ಮಿಸಿಸಿಪ್ಪಿಗೆ ಹಿಂದಿರುಗುವ ಉದ್ದೇಶವನ್ನು ಉಳಿಸಿಕೊಂಡವರು ತಮ್ಮ ಹಳೆಯ ಮತವನ್ನು ಉಳಿಸಿಕೊಳ್ಳಬಹುದಿತ್ತು. ಇನ್ನು ಇಲ್ಲೇ ಇರೋಣವೆಂದು ನಿರ್ಧರಿಸಿದವರು, ಕಾನೂನಿನ ದೃಷ್ಟಿಯಲ್ಲಿ, ಆ ನಿರ್ಧಾರದೊಂದಿಗೇ ತಮ್ಮ ಸೆನೆಟ್ ಮತವನ್ನು ಕಳೆದುಕೊಂಡರು. ಅವರ ಸೇವಾ ದಾಖಲೆ, ಪದಕ, ಪಿಂಚಣಿ ಯಾವುದರಲ್ಲೂ ಒಂದಕ್ಷರ ವ್ಯತ್ಯಾಸವಾಗಿರಲಿಲ್ಲ.

ರಾಜಧಾನಿಯ ನಿವಾಸಿಗಳಿಗೆ ಮತವಿಲ್ಲವೆಂಬ ದೂರು ಇನ್ನೂರು ವರ್ಷಗಳಿಗೂ ಹಳೆಯದು. ಅದನ್ನು ಇಡೀ ನಗರದ ಪ್ರಶ್ನೆಯಾಗಿ ನೋಡಿದರೆ ಜನಾಂಗ, ಪಕ್ಷ, ಸಂವಿಧಾನ ರಚನೆಕಾರರ ಆಶಯ ಎಲ್ಲವೂ ಒಂದರೊಳಗೊಂದು ಸಿಕ್ಕಿಕೊಳ್ಳುತ್ತವೆ. ಈ ಗೃಹವನ್ನು ಪ್ರತ್ಯೇಕವಾಗಿ ಅಧ್ಯಯನಕ್ಕೆ ಎತ್ತಿಕೊಂಡದ್ದಕ್ಕೆ ಕಾರಣ, ಇಲ್ಲಿ ಉಳಿದದ್ದೆಲ್ಲ ಸಮವಾಗಿದ್ದು ಬದಲಾಗುವುದು ವಿಳಾಸ ಮಾತ್ರ.

ಗೃಹದ ಹುಟ್ಟು, ಜಿಲ್ಲೆಯ ಹುಟ್ಟು

ಮೆಕ್ಸಿಕೊ ಯುದ್ಧದಲ್ಲಿ ಜನರಲ್ ವಿನ್‌ಫೀಲ್ಡ್ ಸ್ಕಾಟ್ ಮೆಕ್ಸಿಕೊ ನಗರದ ಮೇಲೆ ವಿಧಿಸಿದ ದಂಡದ ಹಣದ ಒಂದು ಭಾಗವನ್ನು ಮೂಲಧನವಾಗಿಟ್ಟುಕೊಂಡು, 1851ರ ಮಾರ್ಚಿನಲ್ಲಿ ಅಮೆರಿಕದ ಕಾಂಗ್ರೆಸ್ ಅಂಗೀಕರಿಸಿದ ಕಾನೂನಿನ ಮೂಲಕ ಈ ಗೃಹ ಅಸ್ತಿತ್ವಕ್ಕೆ ಬಂದಿತು. ಅಧ್ಯಕ್ಷ ಲಿಂಕನ್ 1862ರಿಂದ 1864ರವರೆಗಿನ ಬೇಸಿಗೆಗಳನ್ನು ಇದೇ ಆವರಣದ ಒಂದು ಮನೆಯಲ್ಲಿ ಕಳೆದರು. ಮೊದಲಿನಿಂದಲೂ ಇದು ಮುಖ್ಯವಾಗಿ ಸಾಮಾನ್ಯ ಸಿಪಾಯಿಗಳ ಮನೆ, ಅಧಿಕಾರಿಗಳದ್ದಲ್ಲ. ಸೇವೆಯಲ್ಲಿರುವ ಸಿಪಾಯಿಗಳ ಸಂಬಳದಿಂದ ತಿಂಗಳಿಗೊಮ್ಮೆ ಕಡಿತವಾಗುವ ಸಣ್ಣ ಮೊತ್ತ, ಬಹುಕಾಲ 50 ಸೆಂಟ್, ಇದರ ನಿಧಿಗೆ ಸೇರುತ್ತ ಬಂದಿದೆ. ಸೈನ್ಯದೊಳಗಿನ ದಂಡದ ಹಣವೂ ನಿವಾಸಿಗಳೇ ಕೊಡುವ ಶುಲ್ಕವೂ ಇದರೊಡನೆ ಕೂಡುತ್ತವೆ. ಅಂದರೆ ಈ ಮನೆ ದಾನದಿಂದ ನಡೆಯುವುದಲ್ಲ, ಬಹುಮಟ್ಟಿಗೆ ಸಿಪಾಯಿಗಳೇ ಕಟ್ಟಿಕೊಂಡದ್ದು.

ಜಿಲ್ಲೆಯ, ಅಂದರೆ ಯಾವ ರಾಜ್ಯಕ್ಕೂ ಸೇರದ ರಾಜಧಾನಿ ಪ್ರದೇಶವಾದ ಕೊಲಂಬಿಯಾ ಜಿಲ್ಲೆಯ ಕಥೆ ಇದಕ್ಕಿಂತ ಹಳೆಯದು. ಸಂವಿಧಾನದ ಮೊದಲ ವಿಧಿ, ಹತ್ತು ಮೈಲಿ ಚದರವನ್ನು ಮೀರದ ರಾಜಧಾನಿ ಪ್ರದೇಶದ ಮೇಲೆ ಸಂಪೂರ್ಣ ಶಾಸನಾಧಿಕಾರವನ್ನು ಕಾಂಗ್ರೆಸ್‌ಗೆ ಕೊಟ್ಟಿತು. ಮೇರಿಲ್ಯಾಂಡ್ ಮತ್ತು ವರ್ಜೀನಿಯಾ ಬಿಟ್ಟುಕೊಟ್ಟ ನೆಲದ ಜನ 1800ರವರೆಗೂ ತಮ್ಮ ಹಳೆಯ ರಾಜ್ಯಗಳ ಮತದಾರರಾಗಿಯೇ ಉಳಿದಿದ್ದರು. 1801ರ ಸಂಘಟನಾ ಕಾಯ್ದೆಯೊಂದಿಗೆ ಆ ನಂಟು ಕಡಿಯಿತು. ವರ್ಜೀನಿಯಾ ಕೊಟ್ಟಿದ್ದ ಭಾಗ ನಂತರದ ದಶಕಗಳಲ್ಲಿ ಆ ರಾಜ್ಯಕ್ಕೇ ಮರಳಿತು. ಹಾಗಾಗಿ ಇಂದು ಪೊಟೊಮ್ಯಾಕ್ ನದಿಯಾಚೆ, ಆರ್ಲಿಂಗ್ಟನ್ ಸೈನಿಕ ಸ್ಮಶಾನದ ಪಕ್ಕದ ಬೀದಿಯಲ್ಲಿ ಮನೆ ಮಾಡಿರುವ ಮಾಜಿ ಸೈನಿಕನಿಗೆ ಇಬ್ಬರು ಸೆನೆಟರುಗಳಿದ್ದಾರೆ.

ಈ ಚರಿತ್ರೆಯಲ್ಲಿ ಮಾಜಿ ಸೈನಿಕರು ಹೊಸದಾಗಿ ಬಂದು ಸೇರಿಕೊಂಡವರಲ್ಲ. ಅಂತರ್ಯುದ್ಧದ ಕಾಲದಲ್ಲಿ, 1863ರಲ್ಲಿ, ಕಪ್ಪು ಸೈನಿಕರ ಫೆಡರಲ್ ಪಡೆಯ ಒಂದನೆಯ ಸಂಖ್ಯೆಯ ರೆಜಿಮೆಂಟನ್ನು ಕಟ್ಟಿದ್ದು ಇದೇ ವಾಷಿಂಗ್ಟನ್ನಿನಲ್ಲಿ. 1867ರ ಜನವರಿಯಲ್ಲಿ, ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ನರ ವೀಟೊವನ್ನು ಮೀರಿ, ಕಾಂಗ್ರೆಸ್ ಜಿಲ್ಲೆಯ ಕಪ್ಪು ಪುರುಷರಿಗೆ ಸ್ಥಳೀಯ ಚುನಾವಣೆಗಳಲ್ಲಿ ಮತ ಕೊಟ್ಟಿತು. ಯುದ್ಧದಿಂದ ಮರಳಿದ ಸಿಪಾಯಿಗಳೂ ಆ ಸಾಲಿನಲ್ಲಿ ನಿಂತವರು. 1871ರಲ್ಲಿ ಜಿಲ್ಲೆಗೆ ಮೊದಲ ಬಾರಿಗೆ ಕಾಂಗ್ರೆಸ್ಸಿನಲ್ಲಿ ಡೆಲಿಗೇಟ್ ಸ್ಥಾನ ದೊರೆತಾಗ ಅಲ್ಲಿಗೆ ಹೋದ ನಾರ್ಟನ್ ಚಿಪ್‌ಮನ್ ಸ್ವತಃ ಯುದ್ಧ ಮಾಡಿ ಬಂದ ಅಧಿಕಾರಿ, ಮಾಜಿ ಸೈನಿಕರ ಸಂಘಟನೆಯ ಪ್ರಮುಖ. ಆದರೆ 1874ರಲ್ಲಿ ಸಾಲದ ಹೊರೆ ಮತ್ತು ದುರಾಡಳಿತದ ಕಾರಣ ಕೊಟ್ಟು ಚುನಾಯಿತ ಆಡಳಿತವನ್ನೇ ರದ್ದುಗೊಳಿಸಲಾಯಿತು. ಮರುವರ್ಷ ಡೆಲಿಗೇಟ್ ಸ್ಥಾನವೂ ಹೋಯಿತು. ಕಪ್ಪು ಸೈನಿಕರ ಸ್ಥಳೀಯ ಮತದ ಆಯುಷ್ಯ ಏಳು ವರ್ಷ. ಆಮೇಲೆ ಸುಮಾರು ಒಂದು ಶತಮಾನ ನಗರವನ್ನು ಆಳಿದ್ದು ನೇಮಕಗೊಂಡ ಮೂವರು ಕಮಿಷನರುಗಳು. 1878ರ ಕಾಯ್ದೆಯಂತೆ ಅವರಲ್ಲೊಬ್ಬ ಸೈನ್ಯದ ಎಂಜಿನಿಯರ್ ದಳದ ಅಧಿಕಾರಿಯಾಗಿರಬೇಕಿತ್ತು. ಸಮವಸ್ತ್ರದವನು ನಗರವನ್ನು ಆಳಬಹುದಿತ್ತು, ಸಮವಸ್ತ್ರ ಕಳಚಿದವನು ಆ ನಗರದಲ್ಲಿ ಮತ ಹಾಕುವಂತಿರಲಿಲ್ಲ.

ಹಕ್ಕುಗಳು ಮರಳಿ ಬಂದದ್ದು ಕಂತುಗಳಲ್ಲಿ. 1961ರ ಇಪ್ಪತ್ಮೂರನೆಯ ತಿದ್ದುಪಡಿಯಿಂದ ಅಧ್ಯಕ್ಷ ಚುನಾವಣೆಯಲ್ಲಿ ಮತ, 1971ರಲ್ಲಿ ಮತ್ತೆ ಡೆಲಿಗೇಟ್, 1973ರ ಹೋಂ ರೂಲ್ ಕಾಯ್ದೆಯಿಂದ ಚುನಾಯಿತ ಮೇಯರ್ ಮತ್ತು ಹದಿಮೂರು ಸದಸ್ಯರ ಕೌನ್ಸಿಲ್. ಸೆನೆಟ್ ಮತ್ತು ಪ್ರತಿನಿಧಿ ಸಭೆಯ ಮತ ಮಾತ್ರ ಇಂದಿಗೂ ಬಂದಿಲ್ಲ.

ಸೇವೆಯಲ್ಲಿರುವಾಗ ಇರುವ ರಕ್ಷಣೆ, ನಿವೃತ್ತಿಯಲ್ಲಿ ಇಲ್ಲ

ಪ್ರಕರಣದ ತಿರುಳು ಇರುವುದು ಕಾಯಂ ವಾಸಸ್ಥಳದ ಕಾನೂನಿನಲ್ಲಿ. ಸೇವೆಯಲ್ಲಿರುವ ಸೈನಿಕ ಆದೇಶದ ಮೇರೆಗೆ ಊರು ಬಿಟ್ಟ ಮಾತ್ರಕ್ಕೆ ತನ್ನ ಮತದಾನದ ವಾಸಸ್ಥಳವನ್ನು ಕಳೆದುಕೊಳ್ಳುವುದಿಲ್ಲವೆಂದು ಸೈನಿಕರ ನಾಗರಿಕ ಪರಿಹಾರ ಕಾಯ್ದೆ ಹೇಳುತ್ತದೆ. ಓಹಾಯೊ ರಾಜ್ಯದವನೊಬ್ಬ ವಾಷಿಂಗ್ಟನ್ನಿನ ಫೋರ್ಟ್ ಮೆಕ್‌ನೇರ್‌ನಲ್ಲಿ ಹಲವು ವರ್ಷ ನೌಕರಿ ಮಾಡಿದರೂ ಓಹಾಯೊದ ಸೆನೆಟರುಗಳಿಗೆ ಅಂಚೆಯ ಮೂಲಕ ಮತ ಹಾಕುತ್ತಿರಬಹುದು. ಅವನ ಪಕ್ಕದ ಮಂಚದ ಸೈನಿಕ ವಾಷಿಂಗ್ಟನ್ನಿನಲ್ಲೇ ಹುಟ್ಟಿ ಅಲ್ಲಿಂದಲೇ ಸೇರಿದವನಾದರೆ, ಅವನಿಗೂ ಅದೇ ಕಾಯ್ದೆ ಅನ್ವಯಿಸುತ್ತದೆ, ಅವನ ವಾಸಸ್ಥಳವನ್ನೂ ಅಷ್ಟೇ ನಿಷ್ಠೆಯಿಂದ ಕಾಪಾಡುತ್ತದೆ. ಆದರೆ ಕಾಪಾಡಿದ ಆ ವಾಸಸ್ಥಳಕ್ಕೆ ಸೆನೆಟರುಗಳೇ ಇಲ್ಲ.

ಮೊದಲನೆಯವನು ನಿವೃತ್ತನಾಗಿ, ಮಕ್ಕಳ ಓದಿಗೋ ಆಸ್ಪತ್ರೆಯ ಅನುಕೂಲಕ್ಕೋ ವಾಷಿಂಗ್ಟನ್ನಿನಲ್ಲೇ ಮನೆ ಮಾಡಿದನೆನ್ನಿ. ಈಗ ಅವನನ್ನು ಅಲ್ಲಿ ಇರಿಸಿರುವುದು ಆದೇಶವಲ್ಲ, ಸ್ವಂತ ಇಚ್ಛೆ. ಕಾಯ್ದೆಯ ರಕ್ಷಣೆ ಅಲ್ಲಿಗೆ ಮುಗಿಯುತ್ತದೆ. ಸಮವಸ್ತ್ರದಲ್ಲಿದ್ದಾಗ ಇದ್ದ ಮತ ಸಮವಸ್ತ್ರ ಕಳಚಿದಾಗ ಹೋಗುತ್ತದೆ. ಮಾಜಿ ಸೈನಿಕರ ಮತದ ಬಗ್ಗೆ ನಡೆಯುವ ಭಾವಪೂರ್ಣ ಭಾಷಣಗಳಲ್ಲಿ ಈ ಒಂದು ಅಂಶ ಬಹಳ ವಿರಳವಾಗಿ ಕೇಳಿಸುತ್ತದೆ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಬಲವಾದದ್ದು ಇದೇ. ಎರಡನೆಯವನಿಗೆ ಕಾನೂನು ತೋರಿಸುವ ದಾರಿಯೂ ವಿಚಿತ್ರವೇ: ಟೆಕ್ಸಸ್‌ನಲ್ಲಿ ನೇಮಕಗೊಂಡಾಗ ಅಲ್ಲಿಯವನೇ ಆಗಿಬಿಟ್ಟರೆ ಅವನಿಗೆ ಜೀವನದಲ್ಲಿ ಮೊದಲ ಬಾರಿಗೆ ಸೆನೆಟ್ ಮತ ಸಿಗುತ್ತದೆ. ಪೂರ್ಣ ಪೌರನಾಗಲು ಅವನು ಹುಟ್ಟೂರನ್ನು ಕಾಗದದ ಮೇಲಾದರೂ ಬಿಡಬೇಕು.

ವಿದೇಶದಲ್ಲಿರುವ ಅಮೆರಿಕನ್ನರಿಗೂ ಸೈನಿಕರಿಗೂ ಮತದಾನದ ಅನುಕೂಲ ಕಲ್ಪಿಸುವ 1986ರ ಕಾಯ್ದೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ವರ್ಜೀನಿಯಾದಲ್ಲಿ ನೆಲೆಸಿ ಅಮೆರಿಕದ ಪೌರತ್ವ ಪಡೆದು, ಬಳಿಕ ಬೆಂಗಳೂರಿಗೆ ಮರಳಿದ ಕನ್ನಡಿಗರೊಬ್ಬರು ಜಯನಗರದ ಮನೆಯಲ್ಲಿ ಕುಳಿತು ವರ್ಜೀನಿಯಾದ ಸೆನೆಟರನ್ನು ಆರಿಸಬಹುದು. ಅದೇ ವರ್ಜೀನಿಯಾದಿಂದ ನದಿ ದಾಟಿ ಸೈನಿಕರ ಗೃಹಕ್ಕೆ ಕಾಯಂ ಆಗಿ ಬಂದ ಕೊರಿಯಾ ಯುದ್ಧದ ಸಿಪಾಯಿಗೆ ಆ ಹಕ್ಕಿಲ್ಲ.

ನಮ್ಮಲ್ಲಿ ಇದರ ಹೋಲಿಕೆಗೆ ದೆಹಲಿ ಇದೆ. ಕೊಡಗಿನ ಸೈನಿಕ ದೆಹಲಿ ಕಂಟೋನ್ಮೆಂಟ್‌ನಲ್ಲಿ ಸೇವೆಯಲ್ಲಿರುವವರೆಗೆ ಸೇವಾ ಮತದಾರನಾಗಿ ಊರಿನ ಪಟ್ಟಿಯಲ್ಲೇ ಇರಬಹುದು. ನಿವೃತ್ತಿಯ ನಂತರ ದೆಹಲಿಯಲ್ಲೇ ಉಳಿದರೆ ಅಲ್ಲಿನ ಏಳು ಲೋಕಸಭಾ ಕ್ಷೇತ್ರಗಳಲ್ಲೊಂದರ ಮತದಾರನಾಗುತ್ತಾನೆ. 1991ರ ಅರವತ್ತೊಂಬತ್ತನೆಯ ತಿದ್ದುಪಡಿಯಿಂದ ಬಂದ ದೆಹಲಿ ವಿಧಾನಸಭೆಗೆ ಪೊಲೀಸ್, ಸಾರ್ವಜನಿಕ ಸುವ್ಯವಸ್ಥೆ, ಭೂಮಿ ಈ ಮೂರರ ಮೇಲೆ ಅಧಿಕಾರವಿಲ್ಲವೆಂಬ ಜಗಳ ನಿತ್ಯದ್ದೇ. ಆದರೂ ದೆಹಲಿಯ ಸ್ವಯಮಾಡಳಿತವನ್ನು ಮೊಟಕುಗೊಳಿಸುವ ಸಂಸತ್ತಿನಲ್ಲಿ ದೆಹಲಿಯ ಸಂಸದರು ಕುಳಿತಿರುತ್ತಾರೆ, ಮತ ಹಾಕುತ್ತಾರೆ. ವಾಷಿಂಗ್ಟನ್ನಿಗೆ ಎರಡೂ ಕೊರತೆಗಳು ಒಟ್ಟಿಗೆ ಇವೆ.

ಮತವಿಲ್ಲದಿರುವುದರ ನಿತ್ಯದ ಬೆಲೆ

ಗೃಹದ ಆಡಳಿತಾಧಿಕಾರಿಯನ್ನು ನೇಮಿಸುವುದು ರಕ್ಷಣಾ ಕಾರ್ಯದರ್ಶಿ. ಬಜೆಟ್ ಒಪ್ಪಿಗೆ, ಪ್ರವೇಶದ ಅರ್ಹತೆ, ಶುಲ್ಕದ ನಿಯಮ, ಆವರಣದ ನೆಲವನ್ನು ಖಾಸಗಿ ಅಭಿವೃದ್ಧಿಗೆ ಗುತ್ತಿಗೆ ಕೊಡುವ ಅಧಿಕಾರ ಎಲ್ಲವೂ ಕಾಂಗ್ರೆಸ್ಸಿನ ಕಾನೂನಿಗೆ ಒಳಪಟ್ಟವು. ನಿವಾಸಿಗಳೇ ಆರಿಸುವ ಸಲಹಾ ಸಮಿತಿಯೊಂದಿದೆ, ಆದರೆ ಹೆಸರೇ ಹೇಳುವಂತೆ ಅದರ ಕೆಲಸ ಸಲಹೆ. ಗಲ್ಫ್‌ಪೋರ್ಟ್‌ನ ನಿವಾಸಿಗೆ ಗೃಹದ ಮೇಲೆ ದೂರಿದ್ದರೆ ಮಿಸಿಸಿಪ್ಪಿಯ ಸೆನೆಟರನ ಕಚೇರಿಗೆ ಪತ್ರ ಬರೆಯುತ್ತಾನೆ. ಆ ಸೆನೆಟರ್ ಗೃಹದ ಬಜೆಟ್ಟಿಗೆ ಮತ ಹಾಕುವವನಾದ್ದರಿಂದ ಪತ್ರಕ್ಕೆ ತೂಕವಿದೆ. ವಾಷಿಂಗ್ಟನ್ನಿನ ನಿವಾಸಿಯ ಪತ್ರ ಹೋಗುವುದು ಡೆಲಿಗೇಟ್ ಕಚೇರಿಗೆ. 1991ರಿಂದ ಆ ಸ್ಥಾನದಲ್ಲಿ ದೀರ್ಘಕಾಲ ದುಡಿದ ಎಲೀನರ್ ಹೋಮ್ಸ್ ನಾರ್ಟನ್ ಇಂಥ ಅಹವಾಲುಗಳನ್ನು ಹಿಡಿದು ಹೋರಾಡಿದವರೇ, ಆದರೂ ಅವರ ಬೆನ್ನಿಗೆ ಒಂದು ಅಂತಿಮ ಮತ ಇರಲಿಲ್ಲ.

ಗೃಹದ ಪಕ್ಕದಲ್ಲೇ, ಇರ್ವಿಂಗ್ ಬೀದಿಯಲ್ಲಿ, ಮಾಜಿ ಸೈನಿಕರ ವೈದ್ಯಕೀಯ ಕೇಂದ್ರವಿದೆ. 2017ರ ಏಪ್ರಿಲ್‌ನಲ್ಲಿ ಮಾಜಿ ಸೈನಿಕರ ಇಲಾಖೆಯ ಆಂತರಿಕ ತನಿಖಾಧಿಕಾರಿ (ಇನ್‌ಸ್ಪೆಕ್ಟರ್ ಜನರಲ್) ತನಿಖೆ ಮುಗಿಯುವ ಮೊದಲೇ ಮಧ್ಯಂತರ ವರದಿ ಬಿಡುಗಡೆ ಮಾಡಿ, ಈ ಆಸ್ಪತ್ರೆಯಲ್ಲಿ ವೈದ್ಯಕೀಯ ಸಾಮಗ್ರಿಗಳ ದಾಸ್ತಾನು ಮತ್ತು ಪೂರೈಕೆಯ ಅವ್ಯವಸ್ಥೆ ರೋಗಿಗಳನ್ನು ಅಪಾಯಕ್ಕೆ ಒಡ್ಡಿದೆಯೆಂದು ಹೇಳಿದರು. ನಿರ್ದೇಶಕರನ್ನು ಹುದ್ದೆಯಿಂದ ಸರಿಸಲಾಯಿತು. ಆಸ್ಪತ್ರೆಗಳ ಲೋಪಗಳು ಮತದಾರರಿರುವ ರಾಜ್ಯಗಳಲ್ಲೂ ಆಗುತ್ತವೆ, ಹಾಗಾಗಿ ಮತವಿಲ್ಲದ್ದೇ ಇದಕ್ಕೆ ಕಾರಣವೆಂದು ಹೇಳಲಾಗದು. ಆದರೆ ಮಾಜಿ ಸೈನಿಕರ ಇಲಾಖೆಯ ಕಾರ್ಯದರ್ಶಿಯ ನೇಮಕವನ್ನು ಸ್ಥಿರೀಕರಿಸುವುದು ಸೆನೆಟ್. ಅವನನ್ನು ಎದುರಿಗೆ ಕೂರಿಸಿಕೊಂಡು ‘ನನ್ನ ರಾಜ್ಯದ ಆಸ್ಪತ್ರೆ ಏನಾಯಿತು’ ಎಂದು ಕೇಳುವ ಒಬ್ಬ ಸೆನೆಟರೂ ಈ ರೋಗಿಗಳ ಪರವಾಗಿ ಅಲ್ಲಿರಲಿಲ್ಲ.

ಸ್ವಯಮಾಡಳಿತದ ಮಿತಿ ಸೈನ್ಯದ ವಿಷಯದಲ್ಲೇ ಹೆಚ್ಚು ಸ್ಪಷ್ಟ. ರಾಜ್ಯಗಳಲ್ಲಿ ನ್ಯಾಷನಲ್ ಗಾರ್ಡ್ ಎಂಬ ಮೀಸಲು ಸೈನಿಕ ಪಡೆ ಸಾಮಾನ್ಯ ಕಾಲದಲ್ಲಿ ಗವರ್ನರನ ಅಧೀನದಲ್ಲಿರುತ್ತದೆ. ಜಿಲ್ಲೆಯ ಗಾರ್ಡ್‌ಗೆ ಅಧ್ಯಕ್ಷನೇ ದಂಡನಾಯಕ. 1969ರ ಆದೇಶದಂತೆ ಆ ಅಧಿಕಾರ ರಕ್ಷಣಾ ಕಾರ್ಯದರ್ಶಿಯ ಮೂಲಕ ಹರಿಯುತ್ತದೆ, ಮೇಯರ್ ಕೇಳಿಕೊಳ್ಳಬಹುದೇ ಹೊರತು ಆಜ್ಞಾಪಿಸುವಂತಿಲ್ಲ. 2021ರ ಜನವರಿ 6ರಂದು ಸಂಸತ್ ಭವನಕ್ಕೆ ಗುಂಪು ನುಗ್ಗಿದಾಗ ಕೆಲವೇ ಮೈಲಿ ದೂರದಲ್ಲಿ ಸಿದ್ಧವಾಗಿದ್ದ ಈ ಪಡೆ ಭವನ ತಲುಪಲು ಮೂರು ಗಂಟೆಗೂ ಹೆಚ್ಚು ಹಿಡಿಯಿತು. 2025ರ ಆಗಸ್ಟ್ 11ರಂದು ಅದಕ್ಕೆ ತದ್ವಿರುದ್ಧವಾದದ್ದು ನಡೆಯಿತು: ಅಧ್ಯಕ್ಷ ಟ್ರಂಪ್ ಹೋಂ ರೂಲ್ ಕಾಯ್ದೆಯ 740ನೆಯ ಸೆಕ್ಷನ್ ಬಳಸಿ ನಗರ ಪೊಲೀಸರನ್ನು ಮೂವತ್ತು ದಿನಗಳ ಮಟ್ಟಿಗೆ ತಮ್ಮ ಅಧೀನಕ್ಕೆ ತೆಗೆದುಕೊಂಡು, ಗಾರ್ಡನ್ನೂ ಬೀದಿಗಿಳಿಸಿದರು. ಬೇಕಾದಾಗ ಬರಲಿಲ್ಲ, ಬೇಡವೆಂದಾಗ ಬಂದಿತು, ಎರಡರಲ್ಲೂ ನಗರದ ಮಾತಿಗೆ ಬೆಲೆಯಿರಲಿಲ್ಲ. ಆ ಪಡೆಯಲ್ಲಿ ಸೇವೆ ಸಲ್ಲಿಸಿ ನಿವೃತ್ತರಾದ ಎಷ್ಟೋ ಮಂದಿ ಇದೇ ನಗರದ ಮತದಾರರು.

ರಕ್ತದ ವಾದ ಎಷ್ಟು ದೂರ ಸಾಗುತ್ತದೆ

ವಾಷಿಂಗ್ಟನ್ನಿನ ನಡುವಿನ ಉದ್ಯಾನವಾದ ನ್ಯಾಷನಲ್ ಮಾಲ್‌ನ ಮರಗಳ ನಡುವೆ ಬಿಳಿ ಕಲ್ಲಿನ ಗುಂಡು ಮಂಟಪವೊಂದಿದೆ, ಮೊದಲ ಮಹಾಯುದ್ಧದಲ್ಲಿ ಮಡಿದ ಜಿಲ್ಲೆಯ 499 ಮಂದಿಯ ಹೆಸರುಗಳನ್ನು ಹೊತ್ತದ್ದು. 1931ರ ಕದನವಿರಾಮ ದಿನದಂದು ಅಧ್ಯಕ್ಷ ಹೂವರ್ ಅದನ್ನು ಉದ್ಘಾಟಿಸಿದರು. ಹೆಸರುಗಳು ಅಕ್ಷರಾನುಕ್ರಮದಲ್ಲಿವೆ, ದರ್ಜೆ, ಜನಾಂಗ, ಲಿಂಗ ಯಾವ ಭೇದವೂ ಇಲ್ಲ. ಜನಾಂಗಭೇದ ಗಟ್ಟಿಯಾಗಿದ್ದ ನಗರದಲ್ಲಿ ಅದು ಸಣ್ಣ ಮಾತಲ್ಲ. ವಿಯೆಟ್ನಾಂ ಯುದ್ಧದಲ್ಲಿ ಜಿಲ್ಲೆ ಕಳೆದುಕೊಂಡದ್ದು ಸುಮಾರು 240 ಮಂದಿಯನ್ನು. ಹತ್ತು ರಾಜ್ಯಗಳ ನಷ್ಟಕ್ಕಿಂತ ಇದು ಹೆಚ್ಚೆಂದು ಎಲೀನರ್ ನಾರ್ಟನ್ ಪದೇ ಪದೇ ಸದನದ ಮುಂದಿಟ್ಟಿದ್ದಾರೆ. ಕಡ್ಡಾಯ ಸೇನಾ ಭರ್ತಿಯ ಕಾನೂನಿಗೆ ಮತ ಹಾಕಲಾಗದ ಜನ ಆ ಭರ್ತಿಗೆ ಒಳಪಟ್ಟಿದ್ದರು. ಸಮಾರಂಭಗಳಲ್ಲಿ ಐವತ್ತು ರಾಜ್ಯಗಳ ಬಾವುಟಗಳ ಜೊತೆ ಜಿಲ್ಲೆಯ ಬಾವುಟ ಇರುತ್ತಿರಲಿಲ್ಲವೆಂಬ ದೂರನ್ನು ಸೈನಿಕ ಕುಟುಂಬಗಳು ಎತ್ತಿದಾಗ, ಅದನ್ನು ಸರಿಪಡಿಸಲು 2013ನೇ ಸಾಲಿನ ರಕ್ಷಣಾ ಕಾಯ್ದೆಯಲ್ಲಿ ಒಂದು ಅಂಶ ಸೇರಿಸಬೇಕಾಯಿತು.

ದೇಶಕ್ಕಾಗಿ ರಕ್ತ ಸುರಿಸಿದವರಿಗೆ ಮತ ಸಲ್ಲಬೇಕೆಂಬ ಈ ವಾದ ಇರಾಕ್ ಯುದ್ಧದ ವರ್ಷಗಳಲ್ಲಿ ರಾಜಕೀಯವಾಗಿ ಚುರುಕಾಯಿತು. ಬಾಗ್ದಾದಿನ ಜನರಿಗೆ ಮತ ಕೊಡಿಸಲು ಹೋದವರು ಮನೆಗೆ ಮರಳಿದರೆ ತಮಗೇ ಮತವಿಲ್ಲ ಎಂಬ ಮಾತಿಗೆ ಉತ್ತರ ಕೊಡುವುದು ಎದುರಾಳಿಗಳಿಗೂ ಕಷ್ಟವಾಗಿತ್ತು. ಜಿಲ್ಲೆಗೆ ಪ್ರತಿನಿಧಿ ಸಭೆಯಲ್ಲಿ ಒಂದು ಪೂರ್ಣ ಸ್ಥಾನ ಕೊಡುವ ಮಸೂದೆ 2007ರ ಏಪ್ರಿಲ್‌ನಲ್ಲಿ 241-177ರಿಂದ ಆ ಸಭೆಯನ್ನು ದಾಟಿತು. ಸೆಪ್ಟೆಂಬರ್‌ನಲ್ಲಿ ಸೆನೆಟ್ಟಿನಲ್ಲಿ 57 ಮತ ಪಡೆದು, ಬೇಕಿದ್ದ 60 ಮುಟ್ಟದೆ ನಿಂತಿತು. 2009ರಲ್ಲಿ ಸೆನೆಟ್ 61-37ರಿಂದ ಒಪ್ಪಿತು, ಆದರೆ ನಗರದ ಬಂದೂಕು ಕಾನೂನುಗಳನ್ನು ಕಿತ್ತುಹಾಕುವ ತಿದ್ದುಪಡಿಯನ್ನು ಅದಕ್ಕೆ ಅಂಟಿಸಿತು. ಒಂದು ಮತ ಬೇಕಿದ್ದರೆ ಸ್ವಯಮಾಡಳಿತದ ಒಂದು ತುಂಡನ್ನು ಬಿಟ್ಟುಕೊಡಿ ಎಂಬ ಆ ವ್ಯಾಪಾರವನ್ನು ಪ್ರತಿನಿಧಿ ಸಭೆಯ ನಾಯಕರು ಮುಂದುವರಿಸಲಿಲ್ಲ, ಮಸೂದೆ ಅಲ್ಲೇ ಸತ್ತಿತು.

ರಕ್ತದ ವಾದಕ್ಕೆ ಮನಸ್ಸು ಕರಗುತ್ತದೆ, ಆದರೆ ಅದರಲ್ಲೊಂದು ಅಪಾಯವಿದೆಯೆಂದು ನನಗನ್ನಿಸುತ್ತದೆ. ಮತವನ್ನು ಸೇವೆಗೆ ಕೊಟ್ಟ ಸಂಬಳವೆಂದು ಒಪ್ಪಿಬಿಟ್ಟರೆ, ಅದೇ ಬೀದಿಯಲ್ಲಿ ಶಾಲೆಯಲ್ಲಿ ಪಾಠ ಹೇಳುವವಳಿಗೆ, ಬಸ್ಸು ಓಡಿಸುವವನಿಗೆ ಮತ ಏಕೆಂಬ ಪ್ರಶ್ನೆ ಹಿಂಬಾಲಿಸುತ್ತದೆ. ನ್ಯಾಯಾಲಯಗಳಂತೂ ಈ ವಾದವನ್ನು ಹತ್ತಿರ ಬಿಟ್ಟುಕೊಂಡಿಲ್ಲ. 2000ದ ಮಾರ್ಚಿನಲ್ಲಿ ಮೂವರು ನ್ಯಾಯಾಧೀಶರ ಪೀಠ, ಸಂವಿಧಾನ ಪ್ರತಿನಿಧಿಗಳನ್ನು ಕೊಟ್ಟಿರುವುದು ರಾಜ್ಯಗಳ ಜನರಿಗೆ, ಜಿಲ್ಲೆ ರಾಜ್ಯವಲ್ಲ, ಪರಿಹಾರ ನ್ಯಾಯಾಲಯದ ಕೈಯಲ್ಲಿಲ್ಲ ಎಂದಿತು. ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 2020ರಲ್ಲಿ ಇನ್ನೊಂದು ಪೀಠ ಅದೇ ತೀರ್ಮಾನಕ್ಕೆ ಬಂದಿತು, 2021ರ ಅಕ್ಟೋಬರಿನಲ್ಲಿ ಅದೂ ಊರ್ಜಿತವಾಯಿತು. ಮಾಜಿ ಸೈನಿಕರ ಪ್ರಕರಣದ ಬೆಲೆ ಇರುವುದು ತ್ಯಾಗದ ತೂಕದಲ್ಲಲ್ಲ. ರಾಜಧಾನಿಯ ಜನ ಸರ್ಕಾರದ ನೆರಳಲ್ಲೇ ಇರುವುದರಿಂದ ಅವರಿಗೆ ಬೇರೆ ಪ್ರತಿನಿಧಿ ಬೇಕಿಲ್ಲ, ಬೇಕಿದ್ದವರು ಬೇರೆಡೆಗೆ ಹೋಗಲಿ ಎಂಬ ಹಳೆಯ ಸಮಾಧಾನ, ಸರ್ಕಾರವೇ ನಡೆಸುವ ಮನೆಯೊಂದರ ವೃದ್ಧನ ಮುಂದೆ ನಿಲ್ಲುವುದಿಲ್ಲ. ಅದರ ಬೆಲೆ ಅಲ್ಲಿದೆ.

ಮುಂದಿರುವ ದಾರಿಗಳು

ಸಂವಿಧಾನ ತಿದ್ದುಪಡಿಯ ದಾರಿಯನ್ನು 1978ರಲ್ಲಿ ಪ್ರಯತ್ನಿಸಲಾಯಿತು. ಏಳು ವರ್ಷಗಳ ಗಡುವಿನೊಳಗೆ ಬೇಕಿದ್ದ 38 ರಾಜ್ಯಗಳಲ್ಲಿ 16 ಮಾತ್ರ ಒಪ್ಪಿದವು. ವಾಸಸ್ಥಳಗಳಿರುವ ಭಾಗವನ್ನು ಮೇರಿಲ್ಯಾಂಡಿಗೆ ಮರಳಿಸಿದರೆ ಗೃಹದ ನಿವಾಸಿಗೆ ಸೆನೆಟ್ ಮತ ಸಿಗುತ್ತದೆ. ಆದರೆ ಈ ಸಲಹೆಗೆ ಮೇರಿಲ್ಯಾಂಡಿನಲ್ಲೂ ಜಿಲ್ಲೆಯಲ್ಲೂ ಉತ್ಸಾಹ ಕಂಡಿಲ್ಲ.

ರಾಜ್ಯತ್ವದ ಬೇಡಿಕೆಗೆ 2016ರ ಜನಮತದಲ್ಲಿ ಜಿಲ್ಲೆಯ ಮತದಾರರ ಸುಮಾರು 86 ಶೇಕಡ ಬೆಂಬಲವಿತ್ತು. ಪ್ರತಿನಿಧಿ ಸಭೆ 2020ರಲ್ಲಿ 232-180ರಿಂದಲೂ 2021ರಲ್ಲಿ 216-208ರಿಂದಲೂ ಅದನ್ನು ಅಂಗೀಕರಿಸಿತು. ಸೆನೆಟ್ಟಿನಲ್ಲಿ ಮತಕ್ಕೇ ಬರಲಿಲ್ಲ. 2020ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 6,89,545, ವ್ಯೋಮಿಂಗ್ ರಾಜ್ಯಕ್ಕಿಂತಲೂ ವರ್ಮಾಂಟ್ ರಾಜ್ಯಕ್ಕಿಂತಲೂ ಹೆಚ್ಚು. ಅಡ್ಡಿಯಾಗಿರುವುದು ಸಂಖ್ಯೆಯಲ್ಲ, ಬರಲಿರುವ ಇಬ್ಬರು ಸೆನೆಟರುಗಳು ಡೆಮಾಕ್ರಟಿಕ್ ಪಕ್ಷದವರೇ ಆಗುತ್ತಾರೆಂಬ ಲೆಕ್ಕ. ಇಪ್ಪತ್ಮೂರನೆಯ ತಿದ್ದುಪಡಿ ರದ್ದಾಗದಿದ್ದರೆ, ಮಿಕ್ಕ ನೆಲ ರಾಜ್ಯವಾದ ಮೇಲೆ ಶ್ವೇತಭವನ ಮತ್ತು ಸಂಸತ್ ಭವನಗಳಷ್ಟೇ ಉಳಿದ ಪುಟ್ಟ ಜಿಲ್ಲೆಗೂ ಅಧ್ಯಕ್ಷನನ್ನು ಆರಿಸುವ ಮೂವರು ಚುನಾಯಕರು ಉಳಿದುಬಿಡುತ್ತಾರೆಂಬ ಆಕ್ಷೇಪ ಮಾತ್ರ ನಿಜವಾದ ಸಾಂವಿಧಾನಿಕ ತೊಡಕು, ಅದನ್ನು ತಳ್ಳಿಹಾಕುವಂತಿಲ್ಲ.

ಇವುಗಳ ನಡುವೆ, ಕೇವಲ ಮಾಜಿ ಸೈನಿಕರಿಗಾಗಿ ಒಂದು ಚಿಕ್ಕ ಪರಿಹಾರವನ್ನು ಕಲ್ಪಿಸಿಕೊಳ್ಳಬಹುದು. ಸೇವೆಯಲ್ಲಿರುವವರಿಗೆ ಇರುವ ವಾಸಸ್ಥಳದ ರಕ್ಷಣೆಯನ್ನು ನಿವೃತ್ತಿಯ ನಂತರವೂ ವಿಸ್ತರಿಸಿದರೆ ಗೃಹಕ್ಕೆ ಬಂದ ಓಹಾಯೊದವನು ಓಹಾಯೊದ ಮತದಾರನಾಗಿಯೇ ಉಳಿಯುತ್ತಾನೆ. ವಿದೇಶದಲ್ಲಿರುವವರಿಗೆ ಕಾಂಗ್ರೆಸ್ ಇದಕ್ಕಿಂತ ಉದಾರವಾದದ್ದನ್ನು ಈಗಾಗಲೇ ಮಾಡಿರುವುದರಿಂದ, ರಾಜಕೀಯವಾಗಿ ಇದು ಎಲ್ಲಕ್ಕಿಂತ ಸುಲಭದ್ದಾಗಿ ಕಾಣಬಹುದು. ಆದರೆ ಇದರಿಂದ ಏನೂ ಸಿಗದವನು ಜಿಲ್ಲೆಯಲ್ಲೇ ಹುಟ್ಟಿ, ಅಲ್ಲಿಂದಲೇ ಯುದ್ಧಕ್ಕೆ ಹೋಗಿ, ಅಲ್ಲಿಗೇ ಮರಳಿದ ಸೈನಿಕ. ಅವನಿಗೆ ಉಳಿಸಿಕೊಳ್ಳಲು ಹಿಂದಿನ ಮತವೊಂದು ಇಲ್ಲವೇ ಇಲ್ಲ. ಗೃಹದ ಊಟದ ಕೋಣೆಯಲ್ಲಿ ಆಗ ಒಂದೇ ಮೇಜಿನ ಸುತ್ತ ಎರಡು ಬಗೆಯ ಪೌರರು ಕೂರುತ್ತಾರೆ, ಮತ್ತು ಮತವಿಲ್ಲದೆ ಉಳಿಯುವವರು 1931ರ ಆ ಮಂಟಪದ ಮೇಲೆ ಹೆಸರು ಕೆತ್ತಿಸಿಕೊಂಡವರ ಊರಿನವರೇ ಆಗಿರುತ್ತಾರೆ. ರಾಜ್ಯತ್ವವಾಗಲಿ ಮೇರಿಲ್ಯಾಂಡಿನೊಡನೆ ವಿಲೀನವಾಗಲಿ, ವ್ಯಕ್ತಿಯ ದಾಖಲೆಯನ್ನು ಬಿಟ್ಟು ನೆಲದ ಸ್ಥಾನಮಾನವನ್ನೇ ಬದಲಿಸುವ ಪರಿಹಾರ ಮಾತ್ರ ಇವನನ್ನು ತಲುಪುತ್ತದೆ. 2025ರ ಜನವರಿಯಲ್ಲಿ ರಾಜ್ಯತ್ವದ ಮಸೂದೆ ಎರಡೂ ಸದನಗಳಲ್ಲಿ ಮತ್ತೊಮ್ಮೆ ಮಂಡನೆಯಾಯಿತು. ಸಭೆಯಲ್ಲಿ ಅದನ್ನು ಮಂಡಿಸಿದ ಡೆಲಿಗೇಟ್‌ಗೆ ಅದರ ಅಂತಿಮ ಅಂಗೀಕಾರಕ್ಕೆ ಮತ ಹಾಕುವ ಅಧಿಕಾರವಿಲ್ಲ.